ಹನ್ನೊಂದನೆಯ ಕಾಲಂ

ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ಮೊದಲಿನಿಂದಲೂ ಅಂಜಿಕೆ. ನೌಕರಿಗೆ ಸೇರಿದ ಹೊಸದರಲ್ಲಿ ನಮ್ಮ ಶಿರಸ್ತೇದಾರರು ನಾನು ಬರೆದ ತಖ್ತೆಯೊಂದನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಬಾಯಾರ, ಕಾಲಂ ಖಾಲಿ ಬಿಟ್ರ ಬರದವರ ತಲಿನೂ ಖಾಲಿ ಐತಿ ಅಂತ ಮ್ಯಾಲಿನವ್ರು ತಿಳಕೋತಾರ. ಏನರ ಒಂದ್ ತುಂಬ್ರಿ" ಎಂದಿದ್ದರು. ಅವತ್ತಿನಿಂದ ಖಾಲಿ ಬಿಟ್ಟವಳಲ್ಲ. ಏನೂ ತೋಚದಿದ್ದರೆ ಒಂದು ಅಡ್ಡಗೆರೆಯನ್ನಾದರೂ ಎಳೆದಿದ್ದೇನೆ. ಹುಟ್ಟಾ ಅಂಜುಬುರುಕಿ ನಾನು. ಸಾಹೇಬರ ಕೋಣೆಯ ಗಂಟೆ ಬೇರೆಯವರಿಗೆ ಹೊಡೆದರೂ ನಾನೇ ಎದ್ದು ನಿಲ್ಲುತ್ತಿದ್ದೆ. ಅಂಥವಳ ಮೇಜಿಗೆ ಆ ಅರ್ಜಿ ಬಂತು. ಹೆದರುವವರ ಮೇಲೆ ಹಾವು ಎಸೆದಂತೆ ಎನ್ನುತ್ತಾರಲ್ಲ, ಹಾಗೆ.

ಕಾರ್ಗಿಲ್ ಯುದ್ಧ ಮುಗಿದು ನಾಲ್ಕೈದು ವರ್ಷವಾಗಿತ್ತು. ನಾನಿದ್ದದ್ದು ಹಾವೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ. ದಿನವೂ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಅರ್ಜಿ ತಂದವರು ನಿವೃತ್ತ ಹವಾಲ್ದಾರರೊಬ್ಬರು. ಫೌಜಿನಿಂದ ಬಂದ ಮೇಲೆ ಕುಮಾರಪಟ್ಟಣದ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದರು. ಮೀಸೆ ಬೆಳ್ಳಗಾಗಿತ್ತು, ಬೆನ್ನು ಮಾತ್ರ ಇನ್ನೂ ಬಗ್ಗಿರಲಿಲ್ಲ. ಜಿಲ್ಲೆಯ ಮಾಜಿ ಸೈನಿಕರೆಲ್ಲರ ಸಹಿ ಇದ್ದ ಆ ಅರ್ಜಿಯಲ್ಲಿ ಕೇಳಿದ್ದು ಇಷ್ಟೇ: ವರ್ಷಕ್ಕೊಂದು ದಿನ ಲಡಾಯಿಗೆ ಹೋದವರನ್ನೂ ಅವರ ಮನೆಯವರನ್ನೂ ಕರೆದು, ಕುರ್ಚಿ ಹಾಕಿ ಕೂರಿಸಿ, ಹೆಸರು ಕೂಗಿ ಗೌರವಿಸಬೇಕು.

ಸಾಹೇಬರು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. "ಈ ಸಲ ಮಾಡಿ ನೋಡೋಣ. ಸುಸೂತ್ರ ಆದ್ರೆ ಪ್ರತಿ ವರ್ಷಕ್ಕೂ ಆದೇಶ ಮಾಡಿಸ್ತೇನೆ. ಒಂದು ತಕರಾರು ಬಂದರೂ ಇದೇ ಮೊದಲು, ಇದೇ ಕೊನೆ" ಎಂದರು. ಸಂಕ್ರಾಂತಿಯ ನಂತರದ ಒಂದು ಭಾನುವಾರ ಗೊತ್ತಾಯಿತು. ಪಟ್ಟಿ, ಭಾವಚಿತ್ರ, ಪುಸ್ತಿಕೆ, ಹಾರ, ಎಲ್ಲವೂ ನನ್ನ ಪಾಲಿಗೆ ಬಂದವು.

ಮೊದಲು ಒಂದು ನಮೂನೆ ತಯಾರಿಸಿದೆ. ಹದಿನಾಲ್ಕು ಕಾಲಂ. ಸೈನಿಕರ ಹೆಸರು, ಊರು, ಪಲ್ಟನ್, ಸೇರಿದ ವರ್ಷ, ಪಾಲ್ಗೊಂಡ ಯುದ್ಧ ಹೀಗೆ ಸಾಗಿ, ಹನ್ನೊಂದನೆಯದು 'ಮರಣ ದಿನಾಂಕ, ಅನ್ವಯಿಸಿದಲ್ಲಿ'. ಅದನ್ನು ಮಾಡಿದವಳು ನಾನೇ. ಆ ಹನ್ನೊಂದನೆಯ ಕಾಲಂ ಮುಂದೆ ನನ್ನ ಕುತ್ತಿಗೆಗೇ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಮೂನೆ ಹಿಡಿದು ಹವಾಲ್ದಾರರೂ ನಾನೂ ಊರೂರು ತಿರುಗಿದೆವು. ಬ್ಯಾಡಗಿ ಕಡೆ ಹೋದಾಗ ಪೇಟೆಯ ಮೆಣಸಿನಕಾಯಿಯ ಘಾಟಿಗೆ ನಾನು ಸೀನುತ್ತ ಬರೆದುಕೊಂಡೆ. ಹವಾಲ್ದಾರರು, "ಅಕ್ಕಾರ, ಅಶ್ರುವಾಯು ಹೊಡದ್ರೂ ನಾವು ಇಷ್ಟ್ ಸೀನಿಲ್ಲ ಬಿಡ್ರಿ" ಎಂದು ನಕ್ಕರು. ಕೊನೆಗೆ ಉಳಿದದ್ದು ಐರಣಿ.

ಅಲ್ಲಿಯ ಸೈನಿಕರೊಬ್ಬರ ಮನೆ ಹೊಳೆಗೆ ಹತ್ತಿರ. ಒಳಗೆ ಅವರ ತಮ್ಮನ ತುಂಬಿದ ಸಂಸಾರ. ಯಾವ ಹೊಲಕ್ಕೆ ಏನು ಬಿತ್ತಬೇಕೆಂದು ಹೇಳುತ್ತಿದ್ದವರು ಮಾತ್ರ ಅತ್ತಿಗೆ, ಅಂದರೆ ನಾವು ನೋಡಲು ಬಂದ ಆ ಸೈನಿಕರ ಹೆಂಡತಿ. ಐವತ್ತು ದಾಟಿದ ಗಟ್ಟಿ ಹೆಂಗಸು. ಹಣೆಯ ತುಂಬ ಕುಂಕುಮ, ಎರಡೂ ಕೈಗೆ ಹಸಿರು ಬಳೆ. ನಾನು ಪೆನ್ನು ಬಿಚ್ಚಿ, "ಅವ್ವಾರ, ಯಜಮಾನ್ರ ಹೆಸರ ಹೇಳ್ರಿ" ಎಂದೆ.

ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. "ಏನ್ ಯವ್ವಾ, ನೀನೂ ಹೆಣ್ಮಗಳಾಗಿ ನನ್ನ ಬಾಯಾಗ ಗಂಡನ ಹೆಸರ ಹೇಳಸ್ತಿಯೇನ? ಅವ್ರನ್ನ ಕೇಳು" ಎಂದು ಹವಾಲ್ದಾರರ ಕಡೆ ಕೈ ಮಾಡಿದರು.

ಹೆಸರನ್ನು ಹವಾಲ್ದಾರರು ಹೇಳಿದರು. ಉಳಿದದ್ದನ್ನೂ ಅವರೇ ಹೇಳಿದರು. "ಎಪ್ಪತ್ತೊಂದರ ಲಡಾಯಿ, ಪಂಜಾಬದ ಗಡಿ. ನಾನೂ ಅದ ಪಲ್ಟನ್‌ನ್ಯಾಗ ಇದ್ದೆ. ನಾಕ ಮಂದಿ ಮುಂದ ಹೋದ್ರು. ಮೂರು ಹೆಣ ಸಿಕ್ಕವು. ಇವಂದು ಸಿಗಲಿಲ್ಲ."

"ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ಲ" ಎಂದರು ಆ ತಾಯಿ. ದನಿ ಏರಿರಲಿಲ್ಲ. ದಿನಕ್ಕೊಮ್ಮೆ ಯಾರಿಗಾದರೂ ಹೇಳಿ ಹೇಳಿ ಸವೆದ ಮಾತಿನಂತಿತ್ತು.

ಮದುವೆಯಾಗಿ ಒಂಬತ್ತು ತಿಂಗಳಿಗೆ ಅವರ ಗಂಡ ಹೋದವರು. ಕೆಲವು ವರ್ಷಗಳ ನಂತರ ಫೌಜಿನಿಂದ 'ಮೃತನೆಂದು ಭಾವಿಸಲಾಗಿದೆ' ಎಂಬ ಕಾಗದ ಬಂದಿತ್ತು. ಅದರ ಮೇಲೆ ಪಿಂಚಣಿಯೂ ಆಗಿತ್ತು. ಕಾಗದವನ್ನು ಅವರು ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಕುಂಕುಮ ಹಣೆಯ ಮೇಲೆ ಹಾಗೇ ಇತ್ತು. ಊರವರು ಮೊದಮೊದಲು ಆಡಿಕೊಂಡು, ಆಮೇಲೆ ಸುಮ್ಮನಾಗಿದ್ದರು. ಈಗ ಮದುವೆ ಮುಂಜಿಗಳಲ್ಲಿ ಅವರನ್ನು ಮುತ್ತೈದೆಯರ ಸಾಲಿನಲ್ಲೇ ಕರೆಯುತ್ತಾರೆ ಎಂದು ಹವಾಲ್ದಾರರು ದಾರಿಯಲ್ಲಿ ಹೇಳಿದ್ದರು.

ಭಾವಚಿತ್ರ ಕೇಳಿದಾಗ ಅವರು ಬಹಳ ಹೊತ್ತು ಕೊಡಲಿಲ್ಲ. ಕೊನೆಗೆ ಒಳಗಿನಿಂದ ಅರಿಶಿನ ಬಟ್ಟೆಯ ಗಂಟು ತಂದು ಬಿಚ್ಚಿದರು. ಅಂಗೈಯಗಲದ ಚಿತ್ರ, ಮೂಲೆ ಮುರಿದಿತ್ತು. ಎಳೆಯ ಮುಖ, ದೊಡ್ಡ ಟೋಪಿ. "ಒಂದ ಮಾತು ನಡಸಿ ಕೊಡು ಯವ್ವಾ. ಹಾರ ಹಾಕಬ್ಯಾಡ್ರಿ. ಕಾಜಿನ ಮ್ಯಾಲ ಕುಂಕುಮ ಇಡಬ್ಯಾಡ್ರಿ. ಇದ್ದವರ ಫೋಟೋಕ್ಕ ಹಾರ ಹಾಕಬಾರ್ದು."

"ಹಾಕಂಗಿಲ್ರಿ ಅವ್ವಾರ. ನನ್ನ ಮಾತು" ಎಂದೆ.

ಮಾತು ಕೊಟ್ಟದ್ದು ಮನಸ್ಸಿನಿಂದಲೇ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಕೂತು ನಮೂನೆ ತಿರುವಿದೆ. ಹನ್ನೊಂದನೆಯ ಕಾಲಂ ಖಾಲಿ ಇತ್ತು. ನಿವೃತ್ತಿಯ ವರ್ಷದ ಕಾಲಂ ಕೂಡ ಖಾಲಿ. ಬದುಕಿರುವವರ ಪಟ್ಟಿಗೂ ಸೇರದೆ, ಸತ್ತವರ ಪಟ್ಟಿಗೂ ಸೇರದೆ ಆ ಹಾಳೆ ನನ್ನನ್ನೇ ನೋಡುತ್ತಿತ್ತು. ಕಾಣೆಯಾದ ದಿನಾಂಕ ಹವಾಲ್ದಾರರು ಹೇಳಿದ್ದು ನೆನಪಿತ್ತು. ಹಾಳೆ ಪೂರ್ತಿಯಾಗಲಿ ಎಂದು ಅದನ್ನೇ ಹನ್ನೊಂದನೆಯ ಕಾಲಂನಲ್ಲಿ ಬರೆದುಬಿಟ್ಟೆ. ಬರೆದ ಮೇಲೆ ಹಾಳೆ ತುಂಬಿತೆಂದು ನೆಮ್ಮದಿಯಾಗಿ ನಿದ್ದೆಯನ್ನೂ ಮಾಡಿದೆ.

ನಮೂನೆಗಳೆಲ್ಲ ಕಂಪ್ಯೂಟರಿಗೆ ಹೋದವು. ಅದರಿಂದ ಮೂರು ಪಟ್ಟಿ ಹೊರಟವು. ಒಂದು ಬ್ಯಾಡಗಿಯ ಕಟ್ಟು ಹಾಕುವವನಿಗೆ, ಹನ್ನೊಂದನೆಯ ಕಾಲಂ ತುಂಬಿದ್ದವರ ಭಾವಚಿತ್ರ ದೊಡ್ಡದು ಮಾಡಿ ಚೌಕಟ್ಟು ಹಾಕಲು. ಇನ್ನೊಂದು ರಾಣೆಬೆನ್ನೂರಿನ ಮುದ್ರಣಾಲಯಕ್ಕೆ, ಪುಸ್ತಿಕೆ ಮಾಡಲು. ಮೂರನೆಯದು ಹಾವೇರಿಯಲ್ಲೇ, ವೇದಿಕೆಯ ಮೇಲೆ ಓದುವವರಿಗೆ. ಹಾರದ ಮಾತು ಬಂದಾಗ ಚರ್ಚೆಯೇ ಆಗಲಿಲ್ಲ. ಹಾವೇರಿಯಲ್ಲಿ ದೊಡ್ಡವರಿಗೆ ಹಾಕುವುದು ಏಲಕ್ಕಿ ಹಾರವೇ. ಎಲ್ಲರಿಗೂ ಒಂದೊಂದರಂತೆ ಕಟ್ಟಲು ಹೇಳಿ ಬಂದೆ.

ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ಹವಾಲ್ದಾರರೂ ನಾನೂ ಕಚೇರಿಯ ಜೀಪಿನಲ್ಲಿ ಬ್ಯಾಡಗಿಗೆ ಹೋದೆವು. ಕಟ್ಟು ಹಾಕುವವನು ಚೌಕಟ್ಟುಗಳನ್ನು ಗೋಡೆಗೆ ಸಾಲಾಗಿ ಆನಿಸಿ ಇಟ್ಟಿದ್ದ. ಪ್ರತಿಯೊಂದಕ್ಕೂ ಗಂಧದ ಚಕ್ಕೆಯ ಹಾರ ಹಾಕಿದ್ದ. ಗಾಜಿನ ಮೇಲೆ ಕುಂಕುಮದ ಬೊಟ್ಟು ಇಟ್ಟಿದ್ದ. ಕೆಳಗೆ ಬಂಗಾರದ ಬಣ್ಣದ ಅಕ್ಷರದಲ್ಲಿ ಜನನ ಇಂಥ ದಿನ, ಮರಣ ಇಂಥ ದಿನ ಎಂದಿತ್ತು. "ನೋಡ್ರಿ ಮೇಡಮ್ಮಾರ, ನೀವು ಕೊಟ್ಟ ತಾರೀಖು ಒಂದೂ ಬಿಟ್ಟಿಲ್ಲ. ಹಾರ ನಮ್ಮ ಕಡಿಂದ ಸೇವಾ" ಎಂದ.

ಸಾಲಿನ ಕೊನೆಯಲ್ಲಿ ಐರಣಿಯ ಆ ಎಳೆಯ ಮುಖ. ಹಾರದೊಳಗೆ. ಹಣೆಯ ನೇರಕ್ಕೆ ಕುಂಕುಮ. ಕೆಳಗೆ 'ಮರಣ', ಅದರ ಮುಂದೆ ನಾನೇ ಬರೆದುಕೊಟ್ಟ ದಿನಾಂಕ.

ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಟ್ಟು ಹಾಕುವವನದೇನೂ ತಪ್ಪಿಲ್ಲ. ಪಾಪ, ಅವನು ತನ್ನ ಪದ್ಧತಿಯಂತೆ ಮಾಡಿದ್ದ. ಹವಾಲ್ದಾರರು ಚೌಕಟ್ಟಿನ ಕೆಳಗಿನ ಅಕ್ಷರ ಓದಿ, "ಈ ತಾರೀಖು ಯಾರು ಕೊಟ್ರಿ?" ಎಂದು ಕೇಳಿದರು.

"ನಾನ ಕೊಟ್ಟೇನ್ರಿ" ಎಂದೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದನ್ನ ನೋಡಿದ್ರ ಆಕಿ ನಿಂತ ನೆಲದ ಮ್ಯಾಲ ಬೀಳತಾಳ್ರಿ ಅಕ್ಕಾರ. ಮೂವತ್ತ್ ವರ್ಷದ ಮ್ಯಾಲಾತು. ತಾ ನಂಬಿದ್ದಲ್ಲದ ಊರನ್ನೂ ನಂಬಿಸ್ಯಾಳ. ನಾಳೆ ಇಡೀ ಜಿಲ್ಲಾದ ಮುಂದ ನಾವು ಆಕಿ ಕುಂಕುಮ ಅಳಸಿದಂಗ ಆಗತೈತಿ."

ಹೆದರಿಕೆಗೆ ಒಂದು ಗುಣವಿದೆ, ಅದು ಮುಂದಿನದನ್ನೆಲ್ಲ ಒಮ್ಮೆಲೇ ತೋರಿಸುತ್ತದೆ. ಒಂದು ಕಾಲಂನಲ್ಲಿ ನಾನು ಬರೆದದ್ದು ಇಲ್ಲಿಗೆ ನಿಂತಿಲ್ಲ ಎಂದು ಹೊಳೆಯಿತು. ರಾಣೆಬೆನ್ನೂರಿನ ಪುಸ್ತಿಕೆಯಲ್ಲಿ 'ಹುತಾತ್ಮರು' ಎಂಬ ಶೀರ್ಷಿಕೆಯ ಕೆಳಗೆ ಅವರ ಹೆಸರು ಅಚ್ಚಾಗಿದೆ. ಹಾವೇರಿಯ ವೇದಿಕೆಯಲ್ಲಿ 'ಹುತಾತ್ಮರ ಪತ್ನಿ' ಎಂದು ಅವರನ್ನು ಕರೆಯುತ್ತಾರೆ. ಹವಾಲ್ದಾರರ ಕೈ ಹಿಡಿದು, "ಅವ್ವಾರಿಗೆ ನಾಳೆ ಬರಬ್ಯಾಡ ಅಂತ ಹೇಳೋಣೇನ್ರಿ?" ಎಂದು ಅಂಗಲಾಚಿದೆ.

"ಹೊಸಾ ಸೀರಿ ತಗದಿಟ್ಟಾಳ್ರಿ ಆಕಿ" ಎಂದರು. ಆ ದಾರಿ ಅಲ್ಲಿಗೆ ಮುಚ್ಚಿತು.

ಕಟ್ಟು ಬಿಚ್ಚಲು ಅಂಗಡಿಯವನು ಹಿಂದೆಮುಂದೆ ನೋಡಿದ. ಸತ್ತವರ ಕಟ್ಟು ಒಮ್ಮೆ ಹಾಕಿದ ಮೇಲೆ ಬಿಚ್ಚಬಾರದಂತೆ. ಹವಾಲ್ದಾರರು, "ಸತ್ತಾನಂತ ಯಾರು ಹೇಳ್ಯಾರೋ ತಮ್ಮಾ? ಬಿಚ್ಚು" ಎಂದ ಮೇಲೆ ಹಾರ ತೆಗೆದು ಹಿಂದಿನ ಮೊಳೆ ಕಿತ್ತ. ಚಿತ್ರದ ಕೆಳಗಿನ ಅಕ್ಷರದ ಪಟ್ಟಿಯನ್ನು ಬ್ಲೇಡಿನಿಂದ ಕೊಯ್ದು, ಚಿತ್ರವನ್ನು ಕೆಳಗೆ ಸರಿಸಿ, ಮತ್ತೆ ಮೊಳೆ ಹೊಡೆದ. ಕುಂಕುಮವನ್ನು ನನ್ನ ಸೆರಗಿನಿಂದ ನಾನೇ ಒರೆಸಿದೆ. ಕೊಯ್ದ ಪಟ್ಟಿಯನ್ನು ನಾಲ್ಕಾಗಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡೆ. ಎಸೆಯಲು ಧೈರ್ಯವಾಗಲಿಲ್ಲ.

ಚೌಕಟ್ಟುಗಳನ್ನು ತುಂಬಿಕೊಂಡು ರಾಣೆಬೆನ್ನೂರು ತಲುಪಿದಾಗ ಮೂರು ದಾಟಿತ್ತು. ಮುದ್ರಣಾಲಯದಲ್ಲಿ ಮುನ್ನೂರು ಪುಸ್ತಿಕೆ ಪಿನ್ನು ಹೊಡೆದು ಕಟ್ಟಿ ಇಟ್ಟಿದ್ದರು. ಹೆಸರುಗಳೆಲ್ಲ ಮಧ್ಯದ ಒಂದೇ ಹಾಳೆಯಲ್ಲಿದ್ದವು. ಎಡಕ್ಕೆ ಹುತಾತ್ಮರು, ಬಲಕ್ಕೆ ಮಾಜಿ ಸೈನಿಕರು. ಹೆಸರಿನ ಮೇಲೆ ಚೀಟಿ ಅಂಟಿಸಬಹುದೇ ಎಂದು ಕೇಳಿದೆ. ಮಾಲೀಕರು, "ಚೀಟಿ ಅಂಟಿಸಿದ್ರ ಮಂದಿ ಓದೂದು ಅದೊಂದನ್ನ ನೋಡ್ರಿ. ಉಗುರಿಲೆ ಕೆರದು ಓದತಾರ" ಎಂದರು. ಪಿನ್ನು ಬಿಚ್ಚಿ ಮಧ್ಯದ ಹಾಳೆಯೊಂದನ್ನೇ ಹೊಸದಾಗಿ ಅಚ್ಚು ಮಾಡಿ ಸೇರಿಸಬಹುದು, ಬೇಗ ಹೇಳಿದರೆ ಸಂಜೆಯೊಳಗೆ ಆಗುತ್ತದೆ ಎಂದೂ ಸೇರಿಸಿದರು. ಆಮೇಲೆ ಕೇಳಿದರು: "ಆ ಹೆಸರ ತಗದು ಎಲ್ಲೆ ಹಾಕೋಣ್ರಿ? ಬಲಕ್ಕ?"

ಅಲ್ಲಿಂದಲೇ ಶಿರಸ್ತೇದಾರರಿಗೆ ಫೋನು ಮಾಡಿದೆ. ಸಾಹೇಬರು ಊರಲ್ಲಿರಲಿಲ್ಲ. ಶಿರಸ್ತೇದಾರರು ಎಲ್ಲ ಕೇಳಿ, "ಹುಚ್ಚು ಕೆಲಸ ಮಾಡಬ್ಯಾಡ್ರಿ" ಎಂದರು. "ಪಿಂಚಣಿ ಕಾಗದದಾಗ ಅವ ಸತ್ತಾನಂತ ಐತಿ. ಸರ್ಕಾರಿ ಪುಸ್ತಕದಾಗ ಇದ್ದವರ ಸಾಲಿನ್ಯಾಗ ಬರದ್ರ ನಾಳೆ ಯಾವನರ ಒಬ್ಬ ತಕರಾರು ಅರ್ಜಿ ಹಾಕತಾನ. ಗಂಡ ಇದ್ರ ಪಿಂಚಣಿ ಯಾಕ ಅಂತಾನ. ಆಕಿದೂ ಹೋಗತೈತಿ, ನಿಮ್ದೂ ಹೋಗತೈತಿ. ಇದ್ದಂಗ ಇರಲಿ ಬಿಡ್ರಿ."

ಫೋನು ಇಟ್ಟ ಮೇಲೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎಂದರೇನೆಂದು ತಿಳಿಯಿತು. ಎಡಕ್ಕೆ ಬರೆದರೆ ಕುಂಕುಮ ಹೋಗುತ್ತದೆ. ಬಲಕ್ಕೆ ಬರೆದರೆ ಅನ್ನ ಹೋಗುತ್ತದೆ. ಹೆಸರನ್ನೇ ಬಿಟ್ಟರೆ ಮನುಷ್ಯನೇ ಹೋಗುತ್ತಾನೆ. ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಕೀಲಿಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡುತ್ತಿದ್ದಳು. ಅಂಗಳದಲ್ಲಿ ಹವಾಲ್ದಾರರು ಬೀಡಿ ಹಚ್ಚಿ ನಿಂತಿದ್ದರು. ಹೊರಗೆ ಹೋಗಿ, "ನಿಮಗ ಲಡಾಯಿಯಾಗ ಅಂಜಿಕಿ ಆಗತಿರಲಿಲ್ಲೇನ್ರಿ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಭಾಳ ಆಗತಿತ್ರಿ. ಅಂಜಿಕಿ ಹೋಗಲಿ ಅಂತ ಕಾಯಕೋತ ಕುಂತವ ಅಲ್ಲೇ ಉಳೀತಿದ್ದ. ಅಂಜಕೋತನ ಎದ್ದು ಹೋಗಬೇಕು, ಅಷ್ಟ."

ಒಳಗೆ ಬಂದು ಹುಡುಗಿಗೆ ಹೇಳಿದೆ: "ಎಡಾನೂ ಬ್ಯಾಡ, ಬಲಾನೂ ಬ್ಯಾಡ. ಎರಡೂ ಶೀರ್ಷಿಕೆ ತಗೀ. ಎಲ್ಲಾ ಹೆಸರನ್ನೂ ಊರಿನ ಅಕ್ಷರದ ಪ್ರಕಾರ ಒಂದ ಪಟ್ಟಿ ಮಾಡು. ಮ್ಯಾಲ 'ನಮ್ಮ ಯೋಧರು ಮತ್ತು ಅವರ ಮನೆಯವರು' ಅಂತ ಹಾಕು. ಮರಣ, ನಿವೃತ್ತಿ ಏನೂ ಬರೀಬ್ಯಾಡ." ಮೇಲಿನವರ ಅಪ್ಪಣೆಯಿಲ್ಲದೆ ನಾನು ಸರ್ಕಾರಿ ಪಟ್ಟಿ ಬದಲಿಸಿದ್ದು ಅದೇ ಮೊದಲು. ಹೇಳುವಾಗ ಧೈರ್ಯವಿತ್ತು. ಹೇಳಿ ಮುಗಿಸಿದ ಮೇಲೆ, ಶಿರಸ್ತೇದಾರರು ಅಲ್ಲೇ ನಿಂತು ಕೇಳಿಸಿಕೊಂಡರೇನೋ ಎಂಬಂತೆ ಬಾಗಿಲ ಕಡೆ ನೋಡಿದೆ.

ನಾವು ನಾಲ್ವರು ಕೂತು ಮುನ್ನೂರು ಪುಸ್ತಿಕೆಗಳ ಪಿನ್ನು ಬಿಚ್ಚಿ, ಹಾಳೆ ಬದಲಿಸಿ, ಮತ್ತೆ ಹೊಡೆದೆವು. ಹವಾಲ್ದಾರರು ತೆಗೆದ ಹಳೆಯ ಹಾಳೆಗಳನ್ನು ಎಣಿಸಿ, ಒಂದೂ ಉಳಿಯದಂತೆ ಒಲೆಗೆ ಹಾಕಿಸಿದರು.

ಮರುದಿನ ಬೆಳಿಗ್ಗೆ ಸಭಾಭವನಕ್ಕೆ ಎಲ್ಲರಿಗಿಂತ ಮೊದಲು ಹೋದೆ. ಉಳಿದ ಚೌಕಟ್ಟುಗಳ ಗಂಧದ ಹಾರಗಳನ್ನೂ ತೆಗೆದು ಒಂದು ಬುಟ್ಟಿಯಲ್ಲಿಟ್ಟೆ, ಬೇಕಾದವರು ತಮ್ಮವರ ಚಿತ್ರಕ್ಕೆ ತಮ್ಮ ಕೈಯಾರೆ ಹಾಕಲಿ ಎಂದು. ಏಲಕ್ಕಿ ಹಾರಗಳು ಬಂದವು. ಅವನ್ನು ಕೊರಳಿಗೂ ಹಾಕಬಾರದು, ಚಿತ್ರಕ್ಕೂ ಹಾಕಬಾರದು, ತಟ್ಟೆಯಲ್ಲಿಟ್ಟು ಕೈಗೇ ಕೊಡಬೇಕು ಎಂದು ನಿರ್ಧರಿಸಿಕೊಂಡಿದ್ದೆ. ಶಿರಸ್ತೇದಾರರು ಪುಸ್ತಿಕೆ ತೆರೆದವರೇ ಮುಖ ಕೆಂಪು ಮಾಡಿಕೊಂಡರು. ನಿರೂಪಣೆಗೆ ಬಂದಿದ್ದ ಮಾಸ್ತರರಿಗೆ ಹಳೆಯದರ ಬದಲು ನಾನು ಕೊಟ್ಟಿದ್ದ ಹೊಸ ಪಟ್ಟಿಯನ್ನು ಅವರ ಕೈಯಿಂದ ಕಸಿದು ನನ್ನ ಕೈಗೆ ತುರುಕಿದರು. "ನೀವ ಕೆಡಿಸೀರಿ, ನೀವ ಓದ್ರಿ." ಮೈಕಿನ ಮುಂದೆ ನಾನು ಅಲ್ಲಿಯವರೆಗೆ ನಿಂತವಳೇ ಅಲ್ಲ.

ಸಾಹೇಬರು ಬಂದರು. ಪುಸ್ತಿಕೆಯ ಮಧ್ಯದ ಹಾಳೆ ನೋಡಿ, "ಹುತಾತ್ಮರ ಪಟ್ಟಿ ಎಲ್ಲಿ?" ಎಂದು ಕೇಳಿದರು. ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ. ಕಾಲಂ, ಐರಣಿ, ಕುಂಕುಮ ಎಂದು ತೊದಲಿದೆ. "ನಾಳೆ ಕಚೇರಿಯಲ್ಲಿ ಮಾತಾಡೋಣ" ಎಂದು ವೇದಿಕೆ ಹತ್ತಿದರು. ಆ 'ನಾಳೆ' ನನ್ನ ತಲೆಯ ಮೇಲೆ ತೂಗುತ್ತಲೇ ಇತ್ತು.

ಅದರ ಬೆನ್ನಿಗೆ ಇನ್ನೊಂದು. ಬ್ಯಾಡಗಿ ತಾಲ್ಲೂಕಿನ ಒಬ್ಬ ಹಿರಿಯರು ಪುಸ್ತಿಕೆ ಹಿಡಿದು ನೇರ ನನ್ನ ಹತ್ತಿರ ಬಂದರು. ಅವರ ಮಗ ಕಾರ್ಗಿಲ್‌ನಲ್ಲಿ ಸತ್ತಿದ್ದ. "ಇದೇನ್ ಬಾಯಾರ? ನನ್ನ ಮಗ ದೇಶಕ್ಕ ಪ್ರಾಣಾ ಕೊಟ್ಟಾನ. ಅದನ್ನ ಯಾಕ ಬರದಿಲ್ಲ? ಊರಾಗ ಇಸ್ಪೀಟ್ ಆಡಕೋತ ಕುಂತವರ ಜೋಡಿ ಅವನ ಹೆಸರ ಸೇರಸೀರಿ." ಸುತ್ತಲಿನವರು ತಿರುಗಿ ನೋಡಿದರು. ಒಂದು ತಕರಾರು ಬಂದರೂ ಇದೇ ಕೊನೆ ಎಂದ ಸಾಹೇಬರು ವೇದಿಕೆಯ ಮೇಲಿನಿಂದ ನೋಡುತ್ತಿದ್ದರು.

ಅವರು ಹೇಳಿದ್ದು ಸರಿಯಾಗಿತ್ತು. ಒಬ್ಬರ ಗಾಯ ಮುಚ್ಚಲು ಹೋಗಿ ಇನ್ನೊಬ್ಬರದನ್ನು ಕೆದರಿದ್ದೆ. ನಾಚಿಕೆಯೂ ಹೆದರಿಕೆಯೂ ಒಟ್ಟಿಗೆ ಬಂದವು. ಬಾಯಿಗೆ ಬಂದದ್ದನ್ನು ಹೇಳಿದೆ: "ಕಾಕಾರ, ನಾವು ಬರದದ್ದಕ್ಕಿಂತ ನೀವು ಹೇಳಿದ್ದು ದೊಡ್ಡದು. ನಾನು ಊರು, ಹೆಸರು ಅಷ್ಟ ಓದತೇನಿ. ಮೈಕ್ ಎಲ್ಲಾರ ಕೈಯಾಗೂ ಕೊಡತೇನಿ. ನಿಮ್ಮ ಮಗ ಏನಂತ ನೀವ ಹೇಳ್ರಿ." ಅವರು ಪುಸ್ತಿಕೆ ಮಡಚಿ ಜೇಬಿಗಿಟ್ಟು ಹೋಗಿ ಕೂತರು.

ಊರಿನ ಅಕ್ಷರದ ಪ್ರಕಾರ ಪಟ್ಟಿ ಮಾಡಿದ್ದೆನಲ್ಲ, 'ಐ' ಬೇಗ ಬರುತ್ತದೆ ಎಂಬುದು ಮೈಕಿನ ಮುಂದೆ ನಿಂತಾಗಲೇ ಹೊಳೆಯಿತು. ಎಲ್ಲರಿಗೂ ಮೈಕು ಕೊಡುತ್ತೇನೆ ಎಂದು ಕಾಕಾರಿಗೆ ಮಾತು ಕೊಟ್ಟಾಗಿತ್ತು. ಗಂಡನ ಹೆಸರು ಬಾಯಲ್ಲಿ ತರದ ಹೆಂಗಸಿಗೆ ಮೈಕು ಕೊಟ್ಟರೆ ಏನಾದೀತು? ಅವರು ಅಳಬಹುದು, ಸುಮ್ಮನೆ ನಿಂತುಬಿಡಬಹುದು. ಅಥವಾ ಸಾಹೇಬರ ಮುಂದೆ 'ಅವ್ರು ಇದ್ದಾರ' ಎಂದುಬಿಟ್ಟು ಪಿಂಚಣಿಗೆ ತಾವೇ ಕುತ್ತು ತಂದುಕೊಳ್ಳಬಹುದು. ಮೊದಲ ಮೂರು ಹೆಸರು ಹೇಗೆ ಓದಿದೆನೋ ದೇವರಿಗೇ ಗೊತ್ತು. ನಿವೃತ್ತ ಸುಬೇದಾರರೊಬ್ಬರು ಬಂದು ತಮ್ಮ ಪಲ್ಟನ್ ಹೆಸರು ಹೇಳಿ, ಹಾರವನ್ನು ತಿರುಗಿ ಹೆಂಡತಿಯ ಕೊರಳಿಗೇ ಹಾಕಿದರು. ಸಭೆ ಚಪ್ಪಾಳೆ ತಟ್ಟಿತು. ಹಾಳೆಯ ಮೇಲೆ ನನ್ನ ಬೆರಳು ನಾಲ್ಕನೆಯ ಸಾಲಿಗೆ ಬಂತು.

"ಐರಣಿ" ಎಂದೆ. ಹೆಸರು ಓದಿದೆ.

ಹಸಿರು ಸೀರೆ ಉಟ್ಟು ಅವರು ಮೆಟ್ಟಿಲು ಹತ್ತಿ ಬಂದರು. ಮೊದಲು ಗೋಡೆಯ ಕಡೆ ನೋಡಿದರು. ಹಾರವಿಲ್ಲದ, ಕುಂಕುಮವಿಲ್ಲದ ಚಿತ್ರವನ್ನು ಬಹಳ ಹೊತ್ತು ನೋಡಿ ಆಮೇಲೆ ನನ್ನ ಕಡೆ ತಿರುಗಿದರು. ಸಾಹೇಬರು ತಟ್ಟೆಯಿಂದ ಹಾರವನ್ನು ಅವರ ಕೈಗೆ ಕೊಟ್ಟರು. ನಾನು ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದೆ.

ಅವರು ಸೆರಗು ತಲೆಯ ಮೇಲೆ ಎಳೆದುಕೊಂಡರು. ಒಂದು ಕ್ಷಣ ಹೊಸ ಮದುಮಗಳಂತೆ ತಲೆ ತಗ್ಗಿಸಿದರು. ಆಮೇಲೆ, ನಮ್ಮ ಕಡೆ ಮದುವೆ ಸೀಮಂತಗಳಲ್ಲಿ ಮುತ್ತೈದೆಯರು ಒಡಪು ಕಟ್ಟಿ ಗಂಡನ ಹೆಸರು ಹೇಳುತ್ತಾರಲ್ಲ, ಹಾಗೆ, ಸ್ಪಷ್ಟ ದನಿಯಲ್ಲಿ ಹೇಳಿದರು:

"ಹೊಳಿ ದಂಡಿ ಊರಾಗ ಬಾಳೇವು ಮಾಡೇನಿ,
ಗಡಿಗೆ ಹೋದವರ ಹಾದಿ ನೋಡೇನಿ,"

ಮೂರನೆಯ ಸಾಲಿನಲ್ಲಿ ಗಂಡನ ಹೆಸರಿಟ್ಟು, "ರಾಯರ ಹಾರ ಕೈಯಾಗ ಹಿಡದೇನಿ" ಎಂದು ಮುಗಿಸಿದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅವರ ಬಾಯಲ್ಲೇ ಚೆಂದ.

ಇದ್ದಾರೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಯಾವ ತಕರಾರು ಅರ್ಜಿಗೂ ಸಿಕ್ಕುವ ಮಾತಲ್ಲ ಅದು. ಆದರೆ ಸಭೆಯಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಅದರ ಅರ್ಥವಾಯಿತು, ಒಡಪು ಹೇಳುವುದು ಮುತ್ತೈದೆ ಮಾತ್ರ. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸರು ಮದುವೆಮನೆಯಲ್ಲಿ ಮಾಡುವಂತೆ 'ಹೋ' ಎಂದರು. ಹವಾಲ್ದಾರರು ಎದ್ದು ನಿಂತು ಸಲಾಮು ಹೊಡೆದರು. ನನಗೆ ಅಳು ಬಂತು, ಮುಂದಿನ ಹೆಸರು ಓದುವುದು ತಡವಾಯಿತು.

ಬ್ಯಾಡಗಿಯ ಕಾಕಾರ ಸರದಿಯೂ ಬಂತು. ಅವರು ಮೈಕು ಹಿಡಿದು, "ನನ್ನ ಮಗ ಹಿಂದಕ್ಕ ಸರೀಲಿಲ್ಲ" ಎಂದು ಅಷ್ಟೇ ಹೇಳಿದರು. ಗೋಡೆಯ ಹತ್ತಿರ ಹೋಗಿ ತಮ್ಮ ಕೈಯಾರೆ ಮಗನ ಚಿತ್ರಕ್ಕೆ ಏಲಕ್ಕಿ ಹಾರ ಹಾಕಿದರು. ಇಳಿಯುವಾಗ ನನ್ನ ಕಡೆ ಒಮ್ಮೆ ತಲೆ ಆಡಿಸಿದರು. ಅವರ ತಕರಾರು ತೀರಿತೆಂದು ನಾನು ಇಂದಿಗೂ ತಿಳಿದುಕೊಂಡಿಲ್ಲ.

ಸಂಜೆ ಬಸ್ಸು ಹತ್ತುವ ಮೊದಲು ಐರಣಿಯ ತಾಯಿ ಹಾರವನ್ನು ಮೂಸಿ ನೋಡಿ ನನ್ನನ್ನು ಕೇಳಿದರು: "ಇದು ಹಾಳಾಗತೈತೇನ್ ಯವ್ವಾ?"

"ಹೂವಿನ ಹಾರ ಅಲ್ರಿ ಅವ್ವಾರ. ಏಲಕ್ಕಿ. ವರ್ಷಗಟ್ಟಲೆ ಇರತೈತಿ."

"ಹಂಗಾರ ಅಡ್ಡಿ ಇಲ್ಲ" ಎಂದು ಚೀಲದಲ್ಲಿ ಇಟ್ಟುಕೊಂಡರು.

ಸಾಹೇಬರ 'ನಾಳೆ' ಬಂತು. ಅಪ್ಪಣೆಯಿಲ್ಲದೆ ಪಟ್ಟಿ ಬದಲಿಸಿದ್ದಕ್ಕೆ ಕಾರಣ ಕೇಳಿ ನೋಟಿಸು ಕೊಟ್ಟರು. 'ನಮೂನೆಯಲ್ಲಿ ಕಾಣೆಯಾದವರಿಗೆ ಕಾಲಂ ಇರಲಿಲ್ಲ. ಇಲ್ಲದ ಕಡೆ ತುಂಬಿದ್ದು ನನ್ನ ತಪ್ಪು' ಎಂದು ಬರೆದುಕೊಟ್ಟೆ. ಲಿಖಿತ ಎಚ್ಚರಿಕೆ ಬಂತು. ಅದೇ ಕಡತದ ಮುಂದಿನ ಪುಟದಲ್ಲಿ, ತಕರಾರು ಅರ್ಜಿ ಒಂದೂ ಬಾರದ್ದರಿಂದ ಈ ದಿನವನ್ನು ಪ್ರತಿ ವರ್ಷ ಇದೇ ಪದ್ಧತಿಯಲ್ಲಿ ನಡೆಸತಕ್ಕದ್ದು ಎಂದು ಸಾಹೇಬರ ಟಿಪ್ಪಣಿಯೂ ಇತ್ತು. ಸರ್ಕಾರದ ಬೈಗುಳ ಮತ್ತು ಶಹಬ್ಬಾಸ್‌ಗಿರಿ ಒಂದೇ ದಾರದಲ್ಲಿ ಕಟ್ಟಿರುತ್ತವೆ ಎಂದು ಶಿರಸ್ತೇದಾರರು ನಕ್ಕರು.

ಮುಂದಿನ ವರ್ಷ ನಮೂನೆ ಹೊಸದಾಯಿತು. ಹನ್ನೊಂದನೆಯ ಕಾಲಂ 'ಕುಟುಂಬದವರು ಹೇಳುವಂತೆ' ಎಂದಾಯಿತು. ಅದನ್ನು ಹಿಡಿದು ಐರಣಿಗೆ ಹೋದೆ. ಒಳಕೋಣೆಯ ಗೋಡೆಯಲ್ಲಿ ಆ ಚಿತ್ರವಿತ್ತು. ಅದರಿಂದ ಮೊಳ ದೂರದ ಗೂಟದಲ್ಲಿ ಹಾರ ನೇತಾಡುತ್ತಿತ್ತು. ಘಮ ಇನ್ನೂ ಹೋಗಿರಲಿಲ್ಲ.

"ನೀ ಹೇಳಿದ್ದು ಖರೇ ಆತು ನೋ​ಡು. ಒಂದ ಕಾಯಿನೂ ಉದುರಿಲ್ಲ" ಎಂದರು.

ಕೂತು ಕಾಲಂಗಳನ್ನು ತುಂಬುತ್ತ ಬಂದೆ. ಹತ್ತು ಮುಗಿಯಿತು. ಪೆನ್ನು ಎತ್ತಿ, "ಅವ್ವಾರ, ಇಲ್ಲೆ ಏನಂತ ಬರೀಲಿ?" ಎಂದು ಕೇಳಿದೆ.

ಅವರು ಗೂಟದ ಕಡೆ ನೋಡಿದರು. ಹೊಳೆಯ ಕಡೆಯ ಬಾಗಿಲು ನೋಡಿದರು. "ಖಾಲಿ ಬಿಡು ಯವ್ವಾ. ಅವ್ರು ಬಂದು ಬರಸತಾರ" ಎಂದರು.

ಅಡ್ಡಗೆರೆ ಎಳೆಯಲು ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಡಿದುಕೊಂಡೆ. ಅಂಜುತ್ತಲೇ ಹನ್ನೊಂದನ್ನು ಬಿಟ್ಟು ಹನ್ನೆರಡಕ್ಕೆ ಹೋದೆ.